ದರೋಜಿ ವೀಕ್ಷಣಾ ಗೋಪುರ: ಕರಡಿಗೆ ಸೈ, ನವಿಲಿಗೆ ಅಷ್ಟಕ್ಕಷ್ಟೇ

1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಹಂಪಿಯಿಂದ ಸುಮಾರು 15 ಕಿ.ಮೀ. ದೂರ. ಇಲ್ಲಿನ ಗೋಪುರದಿಂದ ಕರಡಿಯೂ ಕಾಣುತ್ತದೆ, ನವಿಲೂ ಕಾಣುತ್ತದೆ. ಎರಡನ್ನೂ ಒಂದೇ ತಯಾರಿಯಲ್ಲಿ ನೋಡುತ್ತೇವೆಂದು ಹೋದವರಿಗೆ ಅರ್ಧ ಮಾತ್ರ ದಕ್ಕುತ್ತದೆ.

ಕರಡಿಯ ವಿಷಯದಲ್ಲಿ ಏರ್ಪಾಡು ಪಕ್ಕಾ. ಸಿಬ್ಬಂದಿ ಮುಂಚೆಯೇ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ. ಬಿಸಿಲು ಇಳಿದಂತೆ ಕರಡಿಕಲ್ಲು ಗುಡ್ಡದ ಸಂದುಗಳಿಂದ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ನಾಲ್ಕಕ್ಕೆಲ್ಲ ಬೇಸತ್ತು ಎದ್ದು ಹೋಗುವುದೇ ದೊಡ್ಡ ತಪ್ಪು. ಆದರೆ ಇದು ಕರಡಿಯ ಸಹಜ ಊಟವಲ್ಲ. ಮೇಲ್ದವಡೆಯ ಮುಂದಿನ ಎರಡು ಬಾಚಿಹಲ್ಲು ಇಲ್ಲದ ಸಂದಿನಿಂದ ಅದು ಗೆದ್ದಲನ್ನು ಸೊರ್ರನೆ ಹೀರುವ ಪರಿ ಪಾಕದ ಬಂಡೆಯ ಮೇಲೆ ನೋಡಸಿಗುವುದಿಲ್ಲ. ನವಿಲಿಗೆ ಇಂಥ ಆಮಿಷ ಬೇಡ. ಕಾಳು, ಹುಳ, ಓತಿಕ್ಯಾತ ಹೆಕ್ಕುತ್ತಾ ತನ್ನ ಪಾಡಿಗೆ ಬರುತ್ತದೆ, ಆ ಮಟ್ಟಿಗೆ ಅದರದೇ ನಿಜವಾದ ದರ್ಶನ.

ಕರಡಿಯ ಕಣ್ಣು, ಕಿವಿ ಮಂದ. ಮೂಗು ಭಾರೀ ಚುರುಕು. ಹಾಗಾಗಿ ಸೆಂಟು, ಮಿರ್ಚಿ-ಮಂಡಕ್ಕಿ ಪೊಟ್ಟಣ ಬೇಡ. ನವಿಲಿನದು ತಿರುವುಮುರುವು: ಕೈ ಎತ್ತಿ ತೋರಿಸಿದರೂ ಸಾಕು, ಪೊದೆ ಸೇರಿಬಿಡುತ್ತದೆ. ಗೋಪುರದಲ್ಲಿ ಜನ ಗಿಜಿಗುಟ್ಟುವ ರಜಾ ದಿನ ನವಿಲಿನ ಆಸೆ ಬಿಡುವುದೇ ಲೇಸು.

ತಿಂಗಳೂ ಹೊಂದುವುದಿಲ್ಲ. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ತಾಯಿಯ ಬೆನ್ನೇರಿ ಬರುವುದು ಬೇಸಿಗೆಯಲ್ಲಿ. ಗಂಡು ನವಿಲು ಗರಿಗೆದರಿ ಕುಣಿಯುವುದು ಮುಂಗಾರಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಉದ್ದ ಗರಿಗಳು ಉದುರಿ ಅದು ಬೋಳು ಬೋಳು. ಎರಡೂ ಬೇಕೆಂದರೆ ಮೇ ಕೊನೆ, ಜೂನ್ ಮೊದಲು. ಒಂದೆರಡು ಮಳೆ ಬಿದ್ದ ಮೇಲಾದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಕಾದ ಬಂಡೆಯಿಂದ ಏಳುವ ಬಿಸಿಗಾಳಿಯ ಅಲೆಗೆ ದೂರದ ಫೋಟೊ ಕಲಸಿದಂತೆ ಬರುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ.

ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ದುರ್ಬೀನು ಸಾಕು. ಕ್ಯಾಮೆರಾಕ್ಕೆ 400 ಎಂ.ಎಂ.ಗಿಂತ ಕಡಿಮೆ ಲೆನ್ಸ್ ತಂದು ಪ್ರಯೋಜನವಿಲ್ಲ. ಬಿಳಿಚು ಬಂಡೆಯ ಮುಂದೆ ಕರಡಿ ಬರೀ ಕಪ್ಪು ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಒಂದು ಸ್ಟಾಪ್, ಅಂದರೆ ಎರಡು ಪಟ್ಟಿಗೆ ಏರಿಸಿ. ಬಿಸಿಲಲ್ಲಿ ಮಿಂಚುವ ನವಿಲಿನ ಕೊರಳಿಗೆ ಸ್ವಲ್ಪ ಇಳಿಸಿ.

ಪ್ರವೇಶ ಮಧ್ಯಾಹ್ನದ ಮೇಲೆಯೇ, ಸಂಜೆ ಆರರವರೆಗೆ. ಬೆಳಗಿನ ಹೊತ್ತು ಚುರುಕಾಗಿ ಮೇಯುವ ನವಿಲಿಗೆ ಈ ಸಮಯ ಒಗ್ಗುವುದಿಲ್ಲ. ಅದನ್ನೇ ಮನಸಾರೆ ನೋಡಬೇಕಾದರೆ ಸೂರ್ಯ ಹುಟ್ಟುವ ಹೊತ್ತಿಗೆ ಹಂಪಿ ಪಕ್ಕದ ಕಮಲಾಪುರದ ಹೊಲಗಳ ಅಂಚಿಗೆ ಹೋಗಿ, ಟಿಕೆಟೂ ಬೇಕಿಲ್ಲ.