ಪರದೆ ನೋಡದೆ ಮಾಡಬಹುದಾದ ಯಿನ್ ಯೋಗ ವಿಡಿಯೋಗಳು: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಯಿನ್ ಯೋಗದ ವಿಡಿಯೋ ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಒಂದೇ ವಿಷಯ. ಪರದೆ ಕಡೆ ತಲೆ ಎತ್ತದೆ, ಬರೀ ಕಿವಿಯಲ್ಲಿ ಕೇಳಿಕೊಂಡು ಅದನ್ನು ಪೂರ್ತಿ ಮಾಡಲು ಬರುತ್ತದಾ ಇಲ್ವಾ? ಬರುತ್ತದೆ ಎಂದಾದರೆ ಅದನ್ನು ಉಳಿಸಿಕೊಳ್ಳುತ್ತೇನೆ. ಇಲ್ಲ ಎಂದರೆ ಹಿಂದೆ ಸಮುದ್ರ ಇರಲಿ, ಮೇಣದಬತ್ತಿ ಸಾಲು ಇರಲಿ, ನನಗೆ ಬೇಡ. ಮಕಾಡೆ ಮಲಗಿ, ಹಣೆಯನ್ನು ದಿಂಬಿಗೆ ಒತ್ತಿಕೊಂಡಿರುವಾಗ "ಈಗ ನನ್ನ ಹಾಗೆ ಮಾಡಿ" ಎಂದರೆ ನೋಡುವುದು ಹೇಗೆ? ಕತ್ತೆತ್ತಿ ನೋಡಿದರೆ ಅಲ್ಲಿಯವರೆಗೆ ಸಡಿಲವಾದ ಭುಜ ಮತ್ತೆ ಬಿಗಿಯುತ್ತದೆ.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿಯಲ್ಲೇ. ಗಂಡನ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದವರು. ಹೀಗಾಗಿ ಎರಡೂ ಮನೆಗಳಲ್ಲಿ ಈ ವಿಡಿಯೋಗಳನ್ನು ಬಳಸಿದ್ದೇನೆ, ಹಲವು ಮಳೆಗಾಲ ಕಳೆದಿವೆ. ಉಚಿತವಾಗಿ ಸಿಗುವವನ್ನೂ ನೋಡಿದ್ದೇನೆ, ವರ್ಷದ ಚಂದಾ ಕಟ್ಟಿ ಒಂದು ಆ್ಯಪ್ ಅನ್ನೂ ಬಳಸಿದ್ದೇನೆ.

ಯಿನ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಪರಿಚಯದ ಆಸನಗಳನ್ನೇ ಹೋಲುವ ಭಂಗಿಗಳು, ಹೆಚ್ಚಿನವು ಕೂತು ಅಥವಾ ಮಲಗಿ ಮಾಡುವಂಥವು. ಒಂದೊಂದರಲ್ಲೂ 3ರಿಂದ 5 ನಿಮಿಷ ಅಲ್ಲಾಡದೆ ಇರಬೇಕು. ಸ್ನಾಯುಗಳನ್ನು ಸಡಿಲ ಬಿಟ್ಟು, ಕೀಲುಗಳ ಸುತ್ತ ಇರುವ ಗಟ್ಟಿ ಅಂಗಾಂಶಕ್ಕೆ ನಿಧಾನವಾಗಿ ಎಳೆತ ಕೊಡುವುದು ಇದರ ಉದ್ದೇಶ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪೌಲಿ ಝಿಂಕ್ ಎಂಬ ಸಮರಕಲೆಯ ಗುರು ಚೀನಾದ ತಾವೋ ಪದ್ಧತಿಯ ಯೋಗ ಹೇಳಿಕೊಡುತ್ತಿದ್ದರು. ಅವರಿಂದ ಕಲಿತ ಪಾಲ್ ಗ್ರಿಲಿ, ಆಮೇಲೆ ಸಾರಾ ಪವರ್ಸ್, ಇದನ್ನು ಈಗಿನ ರೂಪದಲ್ಲಿ ಹರಡಿದರು. ಚಿಟ್ಟೆ ಭಂಗಿ ನೋಡಲು ನಮ್ಮ ಬದ್ಧಕೋನಾಸನವೇ. ಆದರೆ ಪಾದಗಳು ದೇಹದಿಂದ ದೂರ ಇರುತ್ತವೆ, ಬೆನ್ನನ್ನು ನೇರ ಹಿಡಿಯದೆ ಬಾಗಲು ಬಿಡುತ್ತೇವೆ. ಕ್ಯಾಟರ್‌ಪಿಲ್ಲರ್ ಎಂದರೆ ಪಶ್ಚಿಮೋತ್ತಾನಾಸನ, ಎಳೆದುಕೊಂಡು ಮಾಡದೆ ಸುಮ್ನೆ ಜೋತುಬಿದ್ದ ಹಾಗೆ. ಶಾಲೆಯಲ್ಲಿ "ಬೆನ್ನು ನೆಟ್ಟಗೆ!" ಎಂದು ಕೇಳಿ ಬೆಳೆದವರಿಗೆ ಮೊದಲು ಇದು ವಿಚಿತ್ರ ಅನ್ನಿಸುತ್ತದೆ.

ಈಗ ಆರಿಸುವ ವಿಷಯ. ಯಿನ್ ಎಂದು ಹೆಸರಿಟ್ಟ ವಿಡಿಯೋಗಳಲ್ಲಿ ಬಹಳಷ್ಟು ಯಿನ್ ಅಲ್ಲವೇ ಅಲ್ಲ. ಇದನ್ನು ಪತ್ತೆ ಮಾಡಲು ಸಣ್ಣ ಲೆಕ್ಕ ಸಾಕು. 30 ನಿಮಿಷದ ವಿಡಿಯೋ ಎಂದುಕೊಳ್ಳಿ. ಶುರುವಿನ ಮಾತಿಗೆ 2 ನಿಮಿಷ, ಕೊನೆಯ ಶವಾಸನಕ್ಕೆ 4 ನಿಮಿಷ ತೆಗೆಯಿರಿ. ಉಳಿದದ್ದು 24. ಒಂದು ಭಂಗಿಗೆ 3 ನಿಮಿಷ, ಬಿಟ್ಟ ಮೇಲೆ ಸುಧಾರಿಸಿಕೊಳ್ಳಲು 1 ನಿಮಿಷ. ಅಂದರೆ ಒಟ್ಟು 6 ಭಂಗಿ ಹಿಡಿಯುತ್ತದೆ. ಎಡ ಬಲ ಎರಡೂ ಕಡೆ ಮಾಡಬೇಕಾದ್ದು ಎರಡು ಲೆಕ್ಕ. ಆದ್ದರಿಂದ 30 ನಿಮಿಷದಲ್ಲಿ "12 ಆಸನಗಳು" ಎಂದು ಬರೆದಿದ್ದರೆ ಅದು ಒಳ್ಳೆಯ ನಿಧಾನದ ಸ್ಟ್ರೆಚಿಂಗ್ ಇರಬಹುದು, ಯಿನ್ ಅಲ್ಲ. ಹಾಗೆಯೇ ರಿಸ್ಟೋರೇಟಿವ್ ಎಂದು ಇನ್ನೊಂದು ಬಗೆ ಇದೆ. ಅದರಲ್ಲಿ ದಿಂಬು, ಕಂಬಳಿಗಳು ಮೈಭಾರವನ್ನೆಲ್ಲ ಹೊತ್ತುಕೊಳ್ಳುತ್ತವೆ, ಎಳೆತ ಗೊತ್ತಾಗುವುದೇ ಇಲ್ಲ. ತುಂಬಾ ಸುಸ್ತಾದ ದಿನ, ಜ್ವರ ಬಿಟ್ಟ ಮೇಲಿನ ವಾರ, ನನಗೆ ಅದೇ ಹಿತ. ಯಿನ್‌ನಲ್ಲಿ ಎಳೆತ ಇದ್ದೇ ಇರುತ್ತದೆ. ಬರೀ ವಿಶ್ರಾಂತಿ ಬೇಕು ಎನ್ನುವವರು ಇದನ್ನು ತಿಳಿದುಕೊಂಡೇ ಹುಡುಕಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಶಿಕ್ಷಕರ ಮಾತು. ಅದಕ್ಕಿಂತ ಹೆಚ್ಚಾಗಿ, ಅವರು ಯಾವಾಗ ಮಾತು ನಿಲ್ಲಿಸುತ್ತಾರೆ ಎಂಬುದು. ಚೆನ್ನಾಗಿ ಹೇಳಿಕೊಡುವವರು ಮೊದಲ ಒಂದು ನಿಮಿಷದಲ್ಲಿ ಕಾಲು ಎಲ್ಲಿ, ಕೈ ಎಲ್ಲಿ, ಎಳೆತ ಎಲ್ಲಿ ಗೊತ್ತಾಗಬೇಕು, ಎಲ್ಲಿ ಗೊತ್ತಾಗಬಾರದು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಆಮೇಲೆ ಸುಮ್ಮನಿರುತ್ತಾರೆ. ಮುಗಿಯುವ ಮೊದಲು "ಇನ್ನು ಒಂದು ನಿಮಿಷ" ಎಂದು ಎಚ್ಚರಿಸುತ್ತಾರೆ. ಈ ಕೊನೆಯ ಮಾತು ಸಣ್ಣದು ಅನ್ನಿಸಬಹುದು. ಆದರೆ ಸೊಂಟ ಬಿಗಿದು ಇನ್ನೆಷ್ಟು ಹೊತ್ತು ಎಂದು ಕಾಯುವಾಗ ಅದೇ ಒಂದು ಮಾತು ನನ್ನನ್ನು ಅಲ್ಲೇ ಉಳಿಸುತ್ತದೆ. ಎದ್ದುಬಿಡಬೇಕು ಎನ್ನುವ ತವಕ ಹೋಗುತ್ತದೆ. ಐದು ನಿಮಿಷವೂ ಬಿಡದೆ ಪ್ರವಚನ ಕೊಡುವವರ ವಿಡಿಯೋದಲ್ಲಿ ನನ್ನ ಮೈ ವಿಶ್ರಾಂತಿ ಪಡೆದರೂ ತಲೆ ಪಡೆಯುವುದಿಲ್ಲ.

ಸಂಗೀತದ ಬಗ್ಗೆ ನನ್ನ ಮಾತು ಗಟ್ಟಿ: ಬೇಡ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಬಾರಿಸುತ್ತಲೇ ಇರುತ್ತದೆ. ಅದರ ಮೇಲೆ ಕೊಳಲು, ಗಂಟೆ, ರೆಕಾರ್ಡ್ ಮಾಡಿದ ಇನ್ನೊಂದು ಮಳೆ ಸೇರಿದರೆ ಶಿಕ್ಷಕರ ಮಾತೇ ಕೇಳುವುದಿಲ್ಲ. "ಸಂಗೀತವಿಲ್ಲದ್ದು" ಎಂದು ಇಂಗ್ಲಿಷ್‌ನಲ್ಲಿ ಸೇರಿಸಿ ಹುಡುಕಿದರೆ ಕೆಲವು ಸಿಗುತ್ತವೆ.

ಹೆಸರು ಹೇಳಿ ಶಿಫಾರಸು ಮಾಡುವುದಾದರೆ, ಕೆನಡಾದ ಒಟ್ಟಾವಾದ ಕಸಾಂಡ್ರಾ ಅವರ ಚಾನೆಲ್ ಹೊಸಬರಿಗೆ ಒಳ್ಳೆಯದು. ಯಿನ್ ವಿಡಿಯೋಗಳು ಬೇಕಾದಷ್ಟಿವೆ, ಚಿಕ್ಕದರಿಂದ ಒಂದು ಗಂಟೆವರೆಗಿನವು ಸಿಗುತ್ತವೆ. ಇಂಗ್ಲಿಷ್ ಸರಳ, ಉಚ್ಚಾರ ಸ್ಪಷ್ಟ. ಬರ್ನಿ ಕ್ಲಾರ್ಕ್ ಕೂಡ ಕೆನಡಾದವರು. ಯಾವ ಭಂಗಿ ಯಾರಿಗೆ ಬೇಡ, ಏಕೆ ಬೇಡ ಎಂದು ಬಿಡಿಸಿ ಹೇಳುವುದರಲ್ಲಿ ಅವರ ಮೇಲೆ ನನಗೆ ತುಂಬಾ ನಂಬಿಕೆ. ಪಾಲ್ ಗ್ರಿಲಿ ಮೂಳೆಗಳ ಬಗ್ಗೆ ಹೇಳುವುದನ್ನು ಒಮ್ಮೆಯಾದರೂ ಕೇಳಿ. ಒಬ್ಬೊಬ್ಬರ ತೊಡೆಮೂಳೆ, ಸೊಂಟದ ಗುಣಿ ಒಂದೊಂದು ಆಕಾರ. ಹಾಗಾಗಿ ಒಬ್ಬರಿಗೆ ಸಲೀಸಾಗಿ ಬರುವ ಭಂಗಿ ಇನ್ನೊಬ್ಬರಿಗೆ ಎಷ್ಟು ವರ್ಷ ಮಾಡಿದರೂ ಬರದೇ ಇರಬಹುದು. ಇದನ್ನು ಕೇಳಿದ ಮೇಲೆ ಮಂಡಿ ನೆಲ ಮುಟ್ಟುತ್ತಿಲ್ಲ ಎಂಬ ಕೊರಗು ನನ್ನಿಂದ ಹೋಯಿತು. "ನಿಮ್ಮ ಭಂಗಿ ನನ್ನ ಹಾಗೆ ಕಾಣಬೇಕಿಲ್ಲ" ಎಂದು ಹೇಳುವ ಶಿಕ್ಷಕರು ಸಿಕ್ಕರೆ ಬಿಡಬೇಡಿ.

ಒಂದು ಬಗೆಯ ವಿಡಿಯೋಗಳನ್ನು ನಾನು ಶುರುವಿನಲ್ಲೇ ಬಂದ್ ಮಾಡುತ್ತೇನೆ. ಈ ಭಂಗಿ ಲಿವರ್ ತೊಳೆಯುತ್ತದೆ, ಆ ಭಂಗಿ ಸೊಂಟದಲ್ಲಿ ಕೂತ ಹಳೇ ದುಃಖವನ್ನು ಹೊರಗೆ ಹಾಕುತ್ತದೆ ಎನ್ನುವಂಥವು. ಯಿನ್ ಜೊತೆ ಚೀನೀ ವೈದ್ಯದ ನಾಡಿಗಳ ಕಲ್ಪನೆಯೂ ಸೇರಿಕೊಂಡಿದೆ. ಅದನ್ನು ಸಂಪ್ರದಾಯವೆಂದು ತಿಳಿಸಿದರೆ ನನ್ನ ತಕರಾರಿಲ್ಲ. ಔಷಧಿಯ ಹಾಗೆ ಮಾರಿದರೆ ತಕರಾರಿದೆ. ಕಾಯಿಲೆ ಇರುವವರು ಡಾಕ್ಟರ ಬಳಿ ಹೋಗುವುದನ್ನು ಮುಂದೂಡಿದರೆ ಯಾರು ಹೊಣೆ?

ಚಂದಾ ಕಟ್ಟಿದ ಆ್ಯಪ್ ವಿಷಯಕ್ಕೆ ಬರುತ್ತೇನೆ. ಜಾಹೀರಾತು ಇರಲಿಲ್ಲ, ಅದು ದೊಡ್ಡ ಸುಖ. ಉಚಿತ ವಿಡಿಯೋದಲ್ಲಿ ನಾಲ್ಕನೇ ನಿಮಿಷದ ಮೌನಕ್ಕೆ ಸಾಲದ ಜಾಹೀರಾತು ನುಗ್ಗಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ್ಯಪ್‌ನಲ್ಲಿ ಯಿನ್ ಇದ್ದದ್ದು ಕಡಿಮೆ, ಬೆವರು ಹರಿಸುವ ತರಗತಿಗಳೇ ಜಾಸ್ತಿ. ಡೌನ್‌ಲೋಡ್ ಮಾಡಿಟ್ಟುಕೊಂಡರೂ ತೆರೆಯುವಾಗ ಲಾಗಿನ್ ಕೇಳುತ್ತಿತ್ತು. ತೀರ್ಥಹಳ್ಳಿ ಮನೆಯಲ್ಲಿ ಗಾಳಿ ಮಳೆ ಎಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಲ್ಲಿ ಅದು ತೆರೆಯಲೇ ಇಲ್ಲ. ಚಂದಾ ಮುಂದುವರಿಸಲಿಲ್ಲ. ಮಲೆನಾಡಿನಲ್ಲಿ ಇರುವವರು ದುಡ್ಡು ಕೊಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ವಿಡಿಯೋ ಓಡಿಸಿ ನೋಡಿ. ಉಚಿತ ಪ್ರಯೋಗದ ವಾರದಲ್ಲೇ ಇದು ಗೊತ್ತಾಗುತ್ತದೆ.

ಸಲಕರಣೆಗೆ ಖರ್ಚು ಮಾಡಬೇಡಿ. ಬೋಲ್ಸ್ಟರ್ ಎನ್ನುವ ಉದ್ದನೆಯ ಗಟ್ಟಿ ದಿಂಬಿನ ಬದಲು ಕೌದಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಹಳೇ ಸೀರೆಯಲ್ಲಿ ಕಟ್ಟಿದ್ದೇನೆ. ಬ್ಲಾಕ್, ಅಂದರೆ ಆಸರೆಗೆ ಇಡುವ ಇಟ್ಟಿಗೆಯಂಥದ್ದು, ಎಂದಲ್ಲಿ ಊಟದ ಮಣೆ. ಮ್ಯಾಟ್ ಕೆಳಗೆ ಕಂಬಳಿ ಹಾಸಲೇಬೇಕು, ಮಳೆಗಾಲದಲ್ಲಿ ನೆಲದ ಥಂಡಿ ಹಾಗಿರುತ್ತದೆ. ಅಲ್ಲಾಡದೆ ಇರುವಾಗ ಮೈ ಬೇಗ ತಣ್ಣಗಾಗುತ್ತದೆ. ಈ ವಿಷಯವನ್ನು ಬೆಚ್ಚಗಿನ ಸ್ಟುಡಿಯೋದಲ್ಲಿ ತೆಗೆದ ವಿಡಿಯೋಗಳು ಹೇಳುವುದಿಲ್ಲ. ಕಾಲಿಗೆ ಸಾಕ್ಸ್, ಬೆನ್ನಿಗೆ ಶಾಲು ಇರಲಿ. ಹಂಡೆ ನೀರಿನ ಸ್ನಾನ ಮುಗಿಸಿ, ರಾತ್ರಿ ಊಟಕ್ಕೆ ಮೊದಲು ಮಾಡುವುದು ನನಗೆ ಸರಿಹೊಂದಿದೆ. ಮ್ಯಾಟ್ ಮಾತ್ರ ಬಚ್ಚಲೊಲೆ ಕಾವು ತಾಗುವ ಕಡೆ ಒಣಗಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಅತ್ತೆಯ ಕಥೆ ಹೇಳದಿದ್ದರೆ ಈ ವಿಮರ್ಶೆ ಅರ್ಧ. ಕೊನೆಕೊಯ್ಲಿನ ಸಮಯದಲ್ಲಿ ಅವರು ಮೆಟ್ಟುಕತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ರಾತ್ರಿ ಏಳುವಾಗ ಸೊಂಟ ಹಿಡಿದಿರುತ್ತದೆ. ನನ್ನ ಜೊತೆ ಮಾಡಲು ಕೂತರು. ಸ್ವಲ್ಪ ಹೊತ್ತಿಗೆ, "ಅವಳು ಏನು ಹೇಳ್ತಾಳೋ ಗೊತ್ತಾಗಲ್ಲ ಮಾರಾಯ್ತಿ, ನೀನೇ ಹೇಳು" ಎಂದರು. ಹೇಳಿದೆ. ಮಾರನೇ ದಿನ ನಾನು ಶಿವಮೊಗ್ಗಕ್ಕೆ ಹೊರಡುವವಳು. ಅದಕ್ಕೆ ಅವರಿಗೆ ಹೊಂದುವ ನಾಲ್ಕು ಭಂಗಿಗಳನ್ನು ನನ್ನ ಮಾತಿನಲ್ಲಿ ಕನ್ನಡದಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟೆ: ಬೆನ್ನ ಮೇಲೆ ಮಲಗಿ ಮಂಡಿಗಳನ್ನು ಎದೆಗೆ ತರುವುದು, ಮಲಗಿಯೇ ಚಿಟ್ಟೆ, ಮಲಗಿ ಸೊಂಟ ತಿರುಚುವುದು, ಗೋಡೆಗೆ ಕಾಲು ಎತ್ತಿ ಇಡುವುದು. ನಡುನಡುವೆ ಮೂರು ಮೂರು ನಿಮಿಷ ಏನೂ ಮಾತಿಲ್ಲ. ನೆಟ್‌ವರ್ಕ್ ಬೇಡ, ಪರದೆ ಬೇಡ, ಇಂಗ್ಲಿಷ್ ಬೇಡ. "ಮಧ್ಯೆ ನಿದ್ದೆ ಬಂದುಬಿಡ್ತದೆ, ಪರವಾಗಿಲ್ವಾ?" ಎಂದು ಫೋನ್ ಮಾಡಿ ಕೇಳಿದರು. ಅವರು ಈಗಲೂ ಅದನ್ನೇ ಹಾಕಿಕೊಳ್ಳುತ್ತಾರೆ. ನಿಮ್ಮ ಮನೆ ಹಿರಿಯರಿಗೆ ನೀವೂ ಹೀಗೆ ಮಾಡಿಕೊಡಿ ಎಂದು ಮನಸಾರೆ ಹೇಳುತ್ತೇನೆ.

ಎಚ್ಚರಿಕೆಗಳೂ ಇವೆ. ಚುಚ್ಚಿದ ಹಾಗೆ ನೋವು, ಉರಿ, ಜುಮುಜುಮು, ಮರಗಟ್ಟುವಿಕೆ ಬಂದರೆ ಗಡಿಯಾರ ನೋಡಬೇಡಿ, ನಿಧಾನವಾಗಿ ಹೊರಗೆ ಬನ್ನಿ. ಡಿಸ್ಕ್ ತೊಂದರೆ ಇರುವವರು, ಮೂಳೆ ಸವೆತದವರು ಬೆನ್ನು ಬಾಗಿಸಿ ಮುಂದೆ ಬಗ್ಗುವ ಭಂಗಿಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು. ಬಸುರಿಯರು, ಮಂಡಿ ಆಪರೇಷನ್ ಆದವರೂ ಮೊದಲು ಕೇಳಿಕೊಳ್ಳಿ. ಕೀಲುಗಳು ಅತಿಯಾಗಿ ಬಾಗುವವರಿಗೆ ಇನ್ನಷ್ಟು ಎಳೆತ ಬೇಕಾಗಿಯೇ ಇಲ್ಲ.

ಕನ್ನಡದಲ್ಲಿ ಪ್ರಾಣಾಯಾಮ, ಸೂರ್ಯನಮಸ್ಕಾರದ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಅರ್ಧ ಗಂಟೆಯ, ಸಂಗೀತವಿಲ್ಲದ, ಮೌನಕ್ಕೆ ಜಾಗ ಬಿಟ್ಟ ಯಿನ್ ತರಗತಿ ನನಗೆ ಇನ್ನೂ ಸಿಕ್ಕಿಲ್ಲ. ಯೋಗ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮಾಡಿ. ಬರೀ ಆಡಿಯೋ ಆದರೂ ಸಾಕು. ದುಡ್ಡು ಕೊಟ್ಟು ಕೊಳ್ಳಲು ನಾನು ತಯಾರಿದ್ದೇನೆ, ಅತ್ತೆಗೂ ಸೇರಿಸಿ ಎರಡು.