ಟೂ ಸ್ಟ್ರೋಕ್ ಜೆಟ್ ಸ್ಕೀ ಕ್ರ್ಯಾಂಕ್‌ಕೇಸ್‌ಗೆ ಜೆಬಿ ವೆಲ್ಡ್: ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

ಜೆಬಿ ವೆಲ್ಡ್ ಒರಿಜಿನಲ್, ಅಂದ್ರೆ ಎರಡು ಟ್ಯೂಬಲ್ಲಿ ಬರೋ, ನಿಧಾನಕ್ಕೆ ಗಟ್ಟಿಯಾಗೋ ಎಪಾಕ್ಸಿ ಅಂಟು, ಅದರ ರಿವ್ಯೂ ಇದು. ನಾನು ಬಳಸಿದ್ದು ಯಮಹಾ ಸೂಪರ್‌ಜೆಟ್ 701 ಇಂಜಿನ್ ಕೇಸ್ ಮೇಲೆ. ಸ್ನೇಹಿತ ಮಲ್ಪೆ ಕಡೆಯವನು, ನಿಂತ್ಕೊಂಡು ಓಡ್ಸೋ ಜೆಟ್ ಸ್ಕೀ ಇಟ್ಕೊಂಡಿದಾನೆ, ಇಂಜಿನ್ ಬಿಚ್ಚಿ ಬೆಂಗಳೂರಿಗೆ ಕಳ್ಸಿದ್ದ, ಯಾಕಂದ್ರೆ ಆರ್‌ಎಕ್ಸ್ 100 ಪುಣ್ಯದಿಂದ ಟೂ ಸ್ಟ್ರೋಕ್ ಪೋರ್ಟಿಂಗ್, ಅಂದ್ರೆ ಇಂಜಿನ್ ಒಳಗಿನ ಗಾಳಿ ದಾರಿ ಉಜ್ಜಿ ಸರಿ ಮಾಡೋ ಕೆಲ್ಸ, ಕೈಯಲ್ಲಿ ಮಾಡೋ ಜನ ಈ ಊರಲ್ಲಿ ಇನ್ನೂ ಇದಾರೆ.

ಅಂಟು ಯಾಕೆ ಬೇಕು ಅನ್ನೋದು ಮೊದ್ಲು ತಿಳ್ಕೊಳ್ಳಿ. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸ್ ಬರೀ ಕ್ರ್ಯಾಂಕ್ ಹಿಡ್ಕೊಳ್ಳೋ ಡಬ್ಬ ಅಲ್ಲ, ಪಿಸ್ಟನ್ ಕೆಳಗೆ ಬರುವಾಗ ಒಳಗಿರೋ ಪೆಟ್ರೋಲು ಗಾಳಿ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟಿಂದ, ಅಂದ್ರೆ ಕೇಸಿಂದ ಸಿಲಿಂಡರಿಗಿರೋ ದಾರಿಯಿಂದ, ಮೇಲೆ ಹೋಗುತ್ತೆ. ಸಿಲಿಂಡರ್ ಕೆಳಗಿನ ಟ್ರಾನ್ಸ್‌ಫರ್ ಬಾಯಿ ಮತ್ತೆ ಕೇಸಿನ ಬಾಯಿ ಒಂದಕ್ಕೊಂದು ಸರಿಯಾಗಿ ಕೂರದೆ ನಡುವೆ ಮೆಟ್ಟಿಲಿದ್ರೆ ಹರಿವು ಅಲ್ಲೇ ಒಡೆಯುತ್ತೆ. ಆ ಮೆಟ್ಟಿಲು ತೆಗೀಬೇಕು ಅಂದ್ರೆ ಕೇಸ್ ಉಜ್ಬೇಕು, ಜಾಸ್ತಿ ಉಜ್ಜಿದ್ರೆ ಗೋಡೆ ತೆಳ್ಳಗಾಗಿ ತೂತು ಬೀಳುತ್ತೆ. ಅದಕ್ಕೇ ಉಜ್ಜೋಕೆ ಮುಂಚೆ ಕೇಸಿನ ಹೊರಗಡೆಯಿಂದ ಎಪಾಕ್ಸಿ ದಪ್ಪಗೆ ಕಟ್ಟಿ, ಗಟ್ಟಿಯಾದ್ಮೇಲೆ ಒಳಗಿಂದ ಗ್ರೈಂಡ್ ಮಾಡೋದು. ಈ ಕೆಲ್ಸಕ್ಕೆ ಈ ಅಂಟು ನಿಜಕ್ಕೂ ಚೆನ್ನಾಗಿದೆ, ಕಣ್ಮುಚ್ಚಿ ತಗೊಳ್ಳಿ. ಹೊರಗೆ ಕಟ್ಟಿದ ಅಂಟು ಬಿಟ್ರೂ ಇಂಜಿನ್ ಒಳಗೆ ಬೀಳಲ್ಲ, ಅದೇ ನನಗೆ ಮುಖ್ಯ.

ಒಳಗಡೆ ಹಾಕೋ ವಿಷಯ ಬೇರೆ. ಕೇಸ್ ಒಳಗಿನ ಖಾಲಿ ಜಾಗ ಎಲ್ಲಾ ತುಂಬಿಸಿ ಪ್ರೈಮರಿ ಕಂಪ್ರೆಷನ್, ಅಂದ್ರೆ ಕೇಸ್ ಒಳಗಿನ ಒತ್ತಡ, ಏರ್ಸೋಣ ಅಂತ ತುಂಬಾ ಜನ ಹೇಳ್ತಾರೆ, ನಾನು ಒಪ್ಪಲ್ಲ. ಒಳ್ಳೆ ಎಕ್ಸ್‌ಪ್ಯಾನ್ಷನ್ ಪೈಪ್ (ಟೂ ಸ್ಟ್ರೋಕಿನ ಹೊಟ್ಟೆ ಉಬ್ಬಿದ ಎಕ್ಸಾಸ್ಟ್ ಪೈಪ್) ಇರೋ ಇಂಜಿನ್ನಲ್ಲಿ ಪೈಪೇ ಕೇಸಿಂದ ಮಿಶ್ರಣ ಎಳ್ಕೊಳ್ಳುತ್ತೆ, ಆವಾಗ ಕೇಸಲ್ಲಿ ಸ್ವಲ್ಪ ಜಾಗ ಇರೋದೇ ಮೇಲಿನ ಆರ್‌ಪಿಎಮ್‌ಗೆ ಒಳ್ಳೇದು. ಅದೂ ಅಲ್ದೆ ಒಳಗಿಂದ ಒಂದು ಚೂರು ಕಿತ್ಕೊಂಡು ಬಂದ್ರೆ ಟ್ರಾನ್ಸ್‌ಫರ್ ಮೂಲಕ ನೇರ ಪಿಸ್ಟನ್ನು ರಿಂಗಿಗೆ, ಇಲ್ಲಾ ಬೇರಿಂಗಿಗೆ, ಅಷ್ಟೇ ಕಥೆ. ರೀಡ್ ವಾಲ್ವ್ (ಮಿಶ್ರಣನ ಕೇಸ್ ಒಳಗೆ ಮಾತ್ರ ಬಿಡೋ ಎಲೆ ಥರದ ವಾಲ್ವ್) ಹತ್ರ ಮೂಲೆ ನುಣುಪು ಮಾಡೋಕೆ, ಸಣ್ಣ ಗುಂಡಿ ಮುಚ್ಚೋಕೆ ಒಳಗೆ ಹಾಕ್ಬಹುದು, ಆದ್ರೆ ಅಂಟಿನ ಹಿಡಿತ ಒಂದನ್ನೇ ನಂಬ್ಬೇಡಿ. ಅಲ್ಯೂಮಿನಿಯಂಗೆ ಅರ್ಧ ದಪ್ಪದಷ್ಟು ಸಣ್ಣ ತೂತು ಕೊರೆದು, ಒಳಗೆ ಅಗಲ ಬಾಯಿ ಕಿರಿದು ಆಗೋ ಹಾಗೆ ಮಾಡಿದ್ರೆ ಅಂಟು ಬಿಟ್ರೂ ತುಂಡು ಅಲ್ಲೇ ಸಿಕ್ಕಾಕ್ಕೊಂಡಿರುತ್ತೆ.

ಇನ್ನು ಕ್ಲೀನಿಂಗ್. ಹಳೇ ಕೇಸಿನ ಲೋಹದೊಳಗೆ ವರ್ಷಗಟ್ಲೆ 2ಟಿ (ಟೂ ಸ್ಟ್ರೋಕ್) ಆಯಿಲ್ ಇಳಿದಿರುತ್ತೆ, ಮೇಲ್ಮೇಲೆ ಥಿನ್ನರ್ ಒರೆಸಿದ್ರೆ ಏನೂ ಆಗಲ್ಲ. ಡಿಗ್ರೀಸ್ ಮಾಡಿ, ಹೀಟ್ ಗನ್ನಿಂದ ಬಿಸಿ ಮಾಡಿ, ಬೆವರೋ ಎಣ್ಣೆನ ಅಸಿಟೋನ್ ಬಟ್ಟೇಲಿ ಒರೆಸಿ, ಮತ್ತೆ ಬಿಸಿ ಮಾಡಿ, ಬಟ್ಟೆ ಕ್ಲೀನಾಗಿ ಬರೋ ತನಕ. ಆಮೇಲೆ 60 ಅಥವಾ 80 ನಂಬರ್ ಎಮರಿ ಪೇಪರ್‌ನಿಂದ ಒರಟಾಗಿ ಉಜ್ಜಿ, ತಡ ಮಾಡ್ದೆ ಅಂಟು ಹಾಕ್ಬೇಕು, ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೇಗ ಕೂರುತ್ತೆ. ಮೊದಲ ಪದರ ತೆಳ್ಳಗೆ, ಗೀರುಗಳ ಒಳಗೆ ಒತ್ತಿ ಒತ್ತಿ ಉಜ್ಜಿ ಸೇರಿಸಿ, ಅದರ ಮೇಲೆ ದಪ್ಪ ಕಟ್ಟಿ.

ಎರಡು ಟ್ಯೂಬಿಂದ ಸಮಸಮ ಹಿಂಡಿ ಕಲಸೋದು, ತಲೆನೋವಿಲ್ಲ. 4ರಿಂದ 6 ಗಂಟೇಲಿ ಸೆಟ್ ಆಗುತ್ತೆ, ಪೂರ್ತಿ ಗಟ್ಟಿಯಾಗೋಕೆ 15ರಿಂದ 24 ಗಂಟೆ, ನಾನಂತೂ ಅದಕ್ಕಿಂತ ಜಾಸ್ತಿನೇ ಬಿಡ್ತೀನಿ. ಕಲಸಿದಾಗ ಇಡ್ಲಿ ಹಿಟ್ಟಿನ ಹದ ಇರುತ್ತೆ, ಇಳಿಜಾರಲ್ಲಿ ಮೆಲ್ಲಗೆ ಜಾರುತ್ತೆ, ಹಾಗಾಗಿ ಆ ಮುಖ ಮಟ್ಟವಾಗಿ ಮೇಲೆ ಬರೋ ಹಾಗೆ ಕೇಸ್ ಇಟ್ಕೊಂಡು, ಒಂದು ಕಡೆ ಮುಗಿದ್ಮೇಲೆ ಇನ್ನೊಂದು ಕಡೆ ಮಾಡಿ. ಬೆಂಗಳೂರಿನ ಡಿಸೆಂಬರ್ ರಾತ್ರಿ ತಣ್ಣಗಿರುತ್ತೆ, ಪಕ್ಕದಲ್ಲಿ ಹಳೇ ಕಾಲದ ಫಿಲಮೆಂಟ್ ಬಲ್ಬ್ ಉರಿಸಿ ಇಟ್ರೆ ಒಳ್ಳೇದು. ಮಳೆಗಾಲದಲ್ಲಿ ಎಪಾಕ್ಸಿ ಮೇಲೆ ಜಿಡ್ಡು ಥರ ಪದರ ಬರೋದುಂಟು, ಎರಡನೇ ಪದರಕ್ಕೆ ಮುಂಚೆ ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ ಉಜ್ಜಿ.

ಶಾಖದ ಭಯ ಬೇಡ. ಕಂಪನಿ ಹೇಳೋದು 550 ಫ್ಯಾರನ್‌ಹೀಟ್, ಅಂದ್ರೆ ಸುಮಾರು 288 ಡಿಗ್ರಿ ಸೆಲ್ಸಿಯಸ್. ಕೇಸ್ ಒಳಗೆ ಯಾವಾಗ್ಲೂ ತಣ್ಣನೆ ಪೆಟ್ರೋಲ್ ಮಿಶ್ರಣ ಬರ್ತಾ ಇರೋದ್ರಿಂದ ಅದು ಅಷ್ಟು ಕಾಯೋದೇ ಇಲ್ಲ. ಆದ್ರೆ ಎಕ್ಸಾಸ್ಟ್ ಪೋರ್ಟ್ ಹತ್ರ ಯಾವ ಎಪಾಕ್ಸಿನೂ ತಗೊಂಡು ಹೋಗ್ಬೇಡಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್, ಮತ್ತೆ ಎಥನಾಲ್ ಕೆಲವು ಅಂಟನ್ನ ಮೆತ್ತಗೆ ಮಾಡುತ್ತೆ. ಕೇಸಿಗೆ ಹಾಕಿದ ದಿನವೇ ಅದೇ ಮಿಕ್ಸಿಂದ ಒಂದು ಬಿಲ್ಲೆ ಮಾಡಿ, ಗಟ್ಟಿಯಾದ್ಮೇಲೆ ಗಾಜಿನ ಬಾಟ್ಲಲ್ಲಿ ಬಂಕ್ ಪೆಟ್ರೋಲ್ ಜೊತೆ 2ಟಿ ಆಯಿಲ್ ಹಾಕಿ ನೆನೆಸಿಡಿ, ಆಮೇಲೆ ಮೊಳೆಯಿಂದ ಗೀಚಿ ನೋಡಿ. ನನ್ನ ಬಿಲ್ಲೆ ಗಟ್ಟಿಯಾಗೇ ಇತ್ತು. ಬೇರೊಂದು ಕಡೆ ತಂದಿದ್ದ 5 ನಿಮಿಷದ ಅಂಟು, ಹೆಸರು ಬೇಡ, ಉಗುರಲ್ಲೇ ಗೀರು ಬಿತ್ತು. ಅವಸರದ ಎಪಾಕ್ಸಿ ಈ ಕೆಲ್ಸಕ್ಕೆ ಬೇಡವೇ ಬೇಡ. ಎಂ-ಸೀಲ್ ಮನೇಲಿ ಇದ್ಯಲ್ಲ ಅಂತ ಅದನ್ನ ಹಚ್ಬೇಡಿ, ಅದು ಪೈಪು ಟ್ಯಾಂಕಿನ ಲೀಕಿಗೆ.

ಡೆವ್‌ಕಾನ್ ಅಲ್ಯೂಮಿನಿಯಂ ಪುಟ್ಟಿ ಅನ್ನೋ ಇನ್ನೊಂದು ಎಪಾಕ್ಸಿ ಜೆಬಿ ವೆಲ್ಡಿಗಿಂತ ಗಟ್ಟಿ ಹದ, ಜಾರಲ್ಲ, ಉಜ್ಜೋಕೆ ಅಲ್ಯೂಮಿನಿಯಂ ಥರಾನೇ ಬರುತ್ತೆ. ದೊಡ್ಡ ಕೆಲ್ಸ ಇದ್ರೆ ಅದೇ ತಗೊಳ್ಳಿ, ಆದ್ರೆ ಅದರಲ್ಲಿ ಎರಡು ಭಾಗ ಸಮ ಅಲ್ಲ, ಡಬ್ಬದ ಮೇಲಿರೋ ಲೆಕ್ಕದಂತೆ ಸಣ್ಣ ಡಿಜಿಟಲ್ ತಕ್ಕಡೀಲಿ ತೂಗಿಯೇ ಕಲಸ್ಬೇಕು. ಬೆಂಗಳೂರಿನ ಎಸ್‌ಜೆಪಿ ರೋಡ್ ಕಡೆ ಕೇಳಿ, ಇಲ್ಲಾಂದ್ರೆ ಆನ್‌ಲೈನ್. ಯಾವುದೇ ಆದ್ರೂ ಎಕ್ಸ್‌ಪೈರಿ ಡೇಟ್ ನೋಡ್ದೆ ತಗೋಬೇಡಿ.

ನನ್ನ ಲೆಕ್ಕದಲ್ಲಿ ಹೊರಗೆ ಗೋಡೆ ಕಟ್ಟೋಕೆ 5ಕ್ಕೆ 5, ಒಳಗೆ ಮೂಲೆ ತುಂಬೋಕೆ 3, ಅದೂ ತೂತು ಕೊರೆದು ಹಿಡಿತ ಕೊಟ್ರೆ ಮಾತ್ರ. ಅವಳಿ ಸಿಲಿಂಡರ್ ಇಂಜಿನ್ ಆದ್ರಿಂದ ಒಳಗೆ ಹಾಕಿದ ಅಂಟು ಎರಡೂ ಕಡೆ ಒಂದೇ ತೂಕ ಇರ್ಲಿ. ಎಲ್ಲಾ ಕೂರ್ಸಿದ್ಮೇಲೆ ಇಂಟೇಕ್ ಎಕ್ಸಾಸ್ಟ್ ಮುಚ್ಚಿ 6ರಿಂದ 8 ಪಿಎಸ್‌ಐ ಗಾಳಿ ತುಂಬಿ, ಅಂಟಿನ ಅಂಚಿಗೆ ಸೋಪ್ ನೀರು ಹಚ್ಚಿ. ಗುಳ್ಳೆ ಬಂದ್ರೆ ಅಲ್ಲಿಂದ ಗಾಳಿ ಎಳ್ಕೊಂಡು ಇಂಜಿನ್ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಪಿಸ್ಟನ್ ಸೀಜ್ ಆಗುತ್ತೆ, ಆದ್ರಿಂದ ಗುಳ್ಳೆ ನಿಲ್ಲೋ ತನಕ ನೀರಿಗೆ ಇಳಿಸ್ಬೇಡಿ.