ಕ್ಲಚ್ ಸ್ಪ್ರಿಂಗ್: ವಾಷರ್, ಹಾರ್ಡ್, ಒರಿಜಿನಲ್ ಮೂರನ್ನೂ ಹಾಕಿ ನೋಡಿದೆ

ನನ್ನದು 150 ಸಿಸಿ ಬೈಕು. ಹಿಂದೆ ಸೇವಂತಿಗೆ ಮೂಟೆ ಕಟ್ಟಿಕೊಂಡು ಬೆಳಗಿನ ಜಾವ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೋಗುತ್ತೇನೆ. ಹೋದ ವರ್ಷ ದಿಬ್ಬ ಬಂದರೆ ಸಾಕು, ಎಂಜಿನ್ ಸದ್ದು ಏರುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಗೊತ್ತಾಯಿತು.

ಕೇಬಲ್ ಬಿಗಿಯಾಗಿರಲಿಲ್ಲ. ಆಯಿಲ್ ಕೂಡ ಬೈಕಿನ ಕ್ಲಚ್ಚಿಗೆ ಹೊಂದುವ ಜಾಸೋ ಎಂಎ2 ಗುರುತಿನದೇ. (ಕಾರಿನ ಆಯಿಲ್ ಹಾಕಿ ಕ್ಲಚ್ ಜಾರಿಸಿಕೊಂಡವರು ನಮ್ಮೂರಲ್ಲೇ ಇದ್ದಾರೆ, ಮೊದಲು ಅದನ್ನು ನೋಡಿ.) ಕವರ್ ಬಿಚ್ಚಿದಾಗ ಪ್ಲೇಟುಗಳು ಚೆನ್ನಾಗಿದ್ದವು. ವರ್ನಿಯರ್ ಇಟ್ಟು ಅಳೆದರೆ ಆ ಪ್ಲೇಟುಗಳನ್ನು ಅದುಮಿ ಹಿಡಿಯುವ ಸ್ಪ್ರಿಂಗುಗಳು ಹೊಸದಕ್ಕಿಂತ ಸುಮಾರು 2 ಮಿ.ಮೀ. ಗಿಡ್ಡ.

ಮೊದಲು ಮೆಕ್ಯಾನಿಕ್ ಹೇಳಿದಂತೆ ಹಳೇ ಸ್ಪ್ರಿಂಗಿಗೇ ಒಂದೊಂದು ವಾಷರ್ ಕೊಟ್ಟೆವು. ಸ್ಪ್ರಿಂಗ್ ಇನ್ನಷ್ಟು ಅದುಮಿ ಕೂರುತ್ತದೆ, ಪ್ಲೇಟಿನ ಮೇಲೆ ಒತ್ತಡ ಬೀಳುತ್ತದೆ. ತಮ್ಮನನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತಿದೆ, ಒಂದು ಸಲವೂ ಜಾರಲಿಲ್ಲ. ಖುಷಿಯಾಯಿತು. ಆದರೆ ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಸೋತ ಸ್ಪ್ರಿಂಗ್ ಇನ್ನೂ ಸೋಲುತ್ತದೆ ಅಲ್ವಾ? ವಾಷರ್ ದಪ್ಪವಾದರೆ ಇನ್ನೊಂದು ತೊಂದರೆಯಿದೆ. ಲಿವರ್ ಹಿಡಿದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್‌ಗೆ ಬೀಳಿಸುವುದೇ ಕಷ್ಟ.

ಆಮೇಲೆ ಅಂಗಡಿಯಲ್ಲಿ ಸಿಕ್ಕ ಹಾರ್ಡ್, ಅಂದರೆ ಹೆಚ್ಚು ಗಟ್ಟಿಯ ಸ್ಪ್ರಿಂಗ್ ಹಾಕಿಸಿದೆ. ಹಿಡಿತದಲ್ಲಿ ಇದನ್ನು ಮೀರಿಸಿದ್ದಿಲ್ಲ. ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಎಷ್ಟು ತಿರುಗಿಸಿದರೂ ಅಷ್ಟೂ ಚಕ್ರಕ್ಕೆ ಹೋಗುತ್ತಿತ್ತು. ಸೋತಿದ್ದು ಬಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ. ಲಿವರ್ ಕಲ್ಲಿನಂತೆ. ಹತ್ತು ನಿಮಿಷ ಹಿಡಿದು ಬಿಟ್ಟು ಮಾಡಿದರೆ ಎಡಗೈ ಮಣಿಕಟ್ಟು ನೋಯುತ್ತಿತ್ತು. ಅಷ್ಟು ಎಳೆತ ಕೇಬಲ್ಲಿಗೂ ಬೀಳುತ್ತದೆ, ಲಿವರ್ ಬುಡದಲ್ಲಿ ಎಳೆಗಳು ಬಿಚ್ಚಿಕೊಳ್ಳಲು ಶುರುವಾಗಿತ್ತು. ಬರೀ ರೇಸ್ ಓಡಿಸುವವರಿಗೆ ಸರಿ, ದಿನಾ ಮಾರುಕಟ್ಟೆಗೆ ಹೋಗುವ ನನ್ನಂಥವರಿಗೆ ಖಂಡಿತ ಬೇಡ.

ಈಗ ಇರುವುದು ಕಂಪನಿಯ ಒರಿಜಿನಲ್ ಸೆಟ್. ಲಿವರ್ ಎರಡು ಬೆರಳಿಗೆ ಬರುತ್ತದೆ, ಮೂಟೆ ಹೊತ್ತರೂ ಜಾರುವುದಿಲ್ಲ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಇದರ ಗುಣ. ಕವರ್ ಬಿಚ್ಚುವ ಕೂಲಿ, ಗ್ಯಾಸ್ಕೆಟ್ ಖರ್ಚು ಮೂರು ಸಲವೂ ಬಿತ್ತು. ಅದರ ಮುಂದೆ ಸ್ಪ್ರಿಂಗಿನ ಬೆಲೆ ಏನೇನೂ ಅಲ್ಲ. ಮೊದಲೇ ಇದನ್ನು ಹಾಕಿಸಿದ್ದರೆ ಎರಡು ಸಲದ ಕೂಲಿ ಉಳಿಯುತ್ತಿತ್ತು.

ನೀವೂ ಹಾಕಿಸುವುದಾದರೆ ಸ್ಪ್ರಿಂಗುಗಳನ್ನೆಲ್ಲ ಒಟ್ಟಿಗೇ ಬದಲಿಸಿ. ಒಂದೆರಡನ್ನು ಮಾತ್ರ ಬದಲಿಸಿದರೆ ಪ್ಲೇಟಿನ ಮೇಲೆ ಒತ್ತಡ ಸಮ ಇರುವುದಿಲ್ಲ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅವು ಸಣ್ಣ ಬೋಲ್ಟು, ಕೈಬಲ ತೋರಿಸಿದರೆ ಮರೆ (ಥ್ರೆಡ್) ಕಿತ್ತುಹೋಗುತ್ತದೆ. ಕೊನೆಗೆ ಲಿವರಿಗೆ ಸ್ವಲ್ಪ ಸಡಿಲ ಬಿಟ್ಟು ಕೇಬಲ್ ಹೊಂದಿಸಿ.